ಚಳ್ಳಕೆರೆಯಿಂದ ಬ್ರಹ್ಮಗಿರಿಯವರೆಗೆ

ಚಿತ್ರದುರ್ಗವೆಂದೊಡನೆ ಯಾತ್ರಿಕರ ಮನಸ್ಸು ಏಳು ಸುತ್ತಿನ ಕೋಟೆಯ ಕಡೆಗೆ ಹರಿಯುವುದು ಸ್ವಾಭಾವಿಕವೇ ಸರಿ. ಕೋಟೆಯನ್ನು ಹತ್ತಿ, ಓಬವ್ವನ ಕಿಂಡಿಯನ್ನು ಕಂಡು, ಅಲ್ಲಿಂದಲೇ ಹಿಂದಿರುಗುವವರು ಬಹು ಮಂದಿ. ಅದೇ ಜಿಲ್ಲೆಯ ಈಶಾನ್ಯ ಭಾಗದಲ್ಲಿ, ಆಂಧ್ರದ ಗಡಿಗೆ ತಾಗಿಕೊಂಡು, ಚಳ್ಳಕೆರೆ ಮತ್ತು ಮೊಳಕಾಲ್ಮೂರು ಎಂಬ ಎರಡು ತಾಲ್ಲೂಕುಗಳಿರುವುವು. ಮಳೆಯು ಈ ಸೀಮೆಗೆ ಬಹಳ ಜಿಪುಣ. ಹಸುರಿಗಿಂತ ಕಲ್ಲೇ ಹೆಚ್ಚಾಗಿ ಕಣ್ಣಿಗೆ ಬೀಳುವುದು. ಆದರೂ ಇಲ್ಲಿಯ ಜನರು ಶೇಂಗಾವನ್ನು ಬೆಳೆದು ಎಣ್ಣೆಯನ್ನು ತೆಗೆದರು. ಕುರಿಗಳನ್ನು ಸಾಕಿ ಕಂಬಳಿಯನ್ನು ನೇಯ್ದರು. ರೇಷ್ಮೆಯ ಎಳೆಯನ್ನು ತಂದು ಸೀರೆಯನ್ನು ಮಾಡಿದರು. ಕೈಯ ಕೆಲಸಕ್ಕೆ ಇಷ್ಟು ಮರ್ಯಾದೆಯಿರುವ ಒಣಸೀಮೆಯನ್ನು ನಾನು ಬೇರೆಲ್ಲಿಯೂ ಕಂಡವನಲ್ಲ.

ಕಳೆದ ಮಾಘಮಾಸದಲ್ಲಿ ಈ ಎರಡು ತಾಲ್ಲೂಕುಗಳನ್ನು ಸಂಚರಿಸಿ ಬಂದೆನು. ಜೊತೆಗೆ ಬಂದವನು ನನ್ನ ಹಳೆಯ ಶಿಷ್ಯ. ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ ಹುಟ್ಟಿ, ಜೀವಶಾಸ್ತ್ರವನ್ನು ಓದಿ, ಈಗ ಬೆಂಗಳೂರಿನಲ್ಲಿ ಪೇಟೆಂಟು ಪತ್ರಗಳನ್ನು ಸಿದ್ಧಪಡಿಸುವ ವೃತ್ತಿಯಲ್ಲಿರುವನು. ಹೊಸದೊಂದನ್ನು ಕಂಡುಹಿಡಿದವನಿಗೆ, ಅದರ ಮರ್ಮವನ್ನು ಲೋಕಕ್ಕೆ ಬಿಚ್ಚಿ ಹೇಳಿದುದಕ್ಕೆ ಪ್ರತಿಯಾಗಿ, ೨೦ ವರ್ಷಗಳ ಕಾಲ ಅದರ ಮೇಲೆ ಸರ್ಕಾರವು ಕೊಡುವ ಏಕಸ್ವಾಮ್ಯಕ್ಕೆ ಪೇಟೆಂಟೆಂದು ಹೆಸರು. ಅವನು ಊರಿಗೆ ಹೊರಟದ್ದು ಹಬ್ಬಕ್ಕಾಗಿ ಅಲ್ಲ. ಅವನ ದಾಯಾದಿಗಳ ಮನೆಯ ಇಪ್ಪತ್ತೆರಡು ವರ್ಷದ ಹುಡುಗನಿಗೆ ಲಿಂಫೋಮಾ ಎಂಬ ಅರ್ಬುದರೋಗವು ಒಮ್ಮೆ ಶಮನವಾಗಿ ಮತ್ತೆ ಮರುಕಳಿಸಿತ್ತು. ವೈದ್ಯರು ಒಂದು ಹೊಸ ಚಿಕಿತ್ಸೆಯ ಹೆಸರನ್ನು ಹೇಳಿದ್ದರು. ಅದು ಏನು, ಅದಕ್ಕೇಕೆ ಅಷ್ಟು ಹಣ, ಅದು ಯಾರ ಸೊತ್ತು ಎಂದು ಮನೆಯವರು ಕೇಳುತ್ತಿದ್ದರು. ಉತ್ತರ ಹೇಳುವ ಹೊಣೆ ಇವನ ಮೇಲೆ ಬಿದ್ದಿತ್ತು.

ಚಳ್ಳಕೆರೆಯನ್ನು ಜನರು ಎಣ್ಣೆಯ ನಗರವೆಂದು ಕರೆಯುವರು. ಬೀದಿಗೆ ಕಾಲಿಟ್ಟೊಡನೆ ಹಿಂಡಿಯ ಕಮ್ಮನೆಯ ವಾಸನೆಯು ಆ ಹೆಸರನ್ನು ಸಮರ್ಥಿಸುವುದು. ನನಗೆ ಎಣ್ಣೆಗಿಂತ ಹೆಚ್ಚಾಗಿ ಹಿಡಿಸಿದುದು ಕಂಬಳಿಯ ವ್ಯಾಪಾರ. ಕುರಿಯ ತುಪ್ಪಟವನ್ನು ಕತ್ತರಿಸಿ, ಹಿಂಜಿ, ನೂತು, ನೇಯ್ದು, ಹುಣಿಸೆಬೀಜದ ಸರಿಯನ್ನು ಬಳಿದು ಬಿಸಿಲಿಗೆ ಹಾಕಿದ ಕರಿಯ ಕಂಬಳಿಯು ಮಳೆಗೂ ಚಳಿಗೂ ಒಂದೇ ಸಮನಾಗಿ ಒದಗುವುದು. ಅದನ್ನು ಕೊಳ್ಳಬಂದ ಮುದುಕನೊಬ್ಬನು ಮೊದಲು ಬೆಲೆಯನ್ನು ಕೇಳಲಿಲ್ಲ. ಕಂಬಳಿಯನ್ನು ಬಿಡಿಸಿ ಬೆಳಕಿಗೆ ಹಿಡಿದನು, ಅಂಚನ್ನು ಎಳೆದನು, ಮೂಲೆಯನ್ನು ಉಜ್ಜಿ ಮೂಸಿ ನೋಡಿದನು. ಮಾರುವವನೂ ಬೇಸರಿಸಲಿಲ್ಲ. ಸರಕು ನೆಟ್ಟಗಿದ್ದರೆ ಪರೀಕ್ಷೆಗೆ ಅಂಜುವುದೇಕೆ? ಶಿಷ್ಯನು ಅದನ್ನು ನೋಡಿ, “ಗುರುಗಳೇ, ಚೆನ್ನೈಯ ಪೇಟೆಂಟು ಕಚೇರಿಯಲ್ಲಿ ಪರೀಕ್ಷಕರು ಮಾಡುವ ಕೆಲಸವೂ ಇದೇ” ಎಂದನು. ಕರ್ನಾಟಕದವರು ಸಲ್ಲಿಸುವ ಪೇಟೆಂಟು ಅರ್ಜಿಗಳು ಸಾಮಾನ್ಯವಾಗಿ ಚೆನ್ನೈಯ ಗಿಂಡಿಯಲ್ಲಿರುವ ಕಚೇರಿಗೆ ಹೋಗುವುವೆಂದು ಅವನಿಂದ ತಿಳಿಯಿತು.

ನಾಯಕನಹಟ್ಟಿಯ ಬಸ್ಸಿನಲ್ಲಿ ಕುಳಿತಾಗ, ಆ ಹೊಸ ಚಿಕಿತ್ಸೆ ಏನೆಂಬುದನ್ನು ನನಗೆ ಅರ್ಥವಾಗುವಂತೆ ಹೇಳಬೇಕೆಂದು ಕೇಳಿದೆನು. ಅವನು ಹೇಳಿದುದರ ಸಾರವನ್ನು ವಾಚಕರಿಗೆ ತಿಳಿಸುವೆನು.

ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಟಿ-ಕಣಗಳೆಂಬ ಒಂದು ವರ್ಗವುಂಟು. ಅವು ಶರೀರದ ಕಾವಲುಗಾರರು. ಹೊರಗಿನಿಂದ ಬಂದ ಶತ್ರುವನ್ನೂ ರೋಗ ಹಿಡಿದ ಕಣವನ್ನೂ ಗುರುತಿಸಿ ಕೊಲ್ಲುವುದು ಅವುಗಳ ಧರ್ಮ. ಆದರೆ ಅರ್ಬುದದ ಕಣವು ನಮ್ಮ ಶರೀರದಲ್ಲಿಯೇ ಹುಟ್ಟಿದುದು. ಮನೆಯವನ ವೇಷದಲ್ಲಿರುವ ಕಳ್ಳನನ್ನು ಕಾವಲುಗಾರನು ತಡೆಯದೆ ಹೋಗುವಂತೆ, ಟಿ-ಕಣಗಳು ಅದನ್ನು ಗುರುತಿಸದೆ ಹೋಗುವುದುಂಟು. ಆದ್ದರಿಂದ ರೋಗಿಯ ರಕ್ತದಿಂದ ಆ ಕಣಗಳನ್ನು ಬೇರ್ಪಡಿಸಿ ತೆಗೆದು, ರೋಗವನ್ನುಂಟುಮಾಡದಂತೆ ಮಾರ್ಪಡಿಸಿದ ಒಂದು ವೈರಸ್ಸಿನ ಮೂಲಕ ಅವುಗಳೊಳಗೆ ಹೊಸ ಜೀನೊಂದನ್ನು ಸೇರಿಸುವರು. ಆ ಜೀನಿನ ಆಜ್ಞೆಯಂತೆ ಕಣದ ಮೈಮೇಲೆ ಒಂದು ಹೊಸ ಗ್ರಾಹಕವು ಹುಟ್ಟುವುದು. ಅದರ ಹೊರತುದಿಯು ಶತ್ರುವಿನ ಮೈಮೇಲಿರುವ ಸಿ.ಡಿ. ೧೯ ಎಂಬ ಗುರುತನ್ನು ಹಿಡಿಯುವುದು. ಒಳತುದಿಯು ಕಣವನ್ನು ಯುದ್ಧಕ್ಕೆ ಎಬ್ಬಿಸುವುದು. ಹೀಗೆ ಸಜ್ಜುಗೊಂಡ ಕಣಗಳನ್ನು ಪ್ರಯೋಗಶಾಲೆಯಲ್ಲಿ ಕೋಟಿಗಟ್ಟಲೆಯಾಗಿ ಬೆಳೆಸಿ, ಅದೇ ರೋಗಿಯ ರಕ್ತಕ್ಕೆ ಮರಳಿ ಬಿಡುವರು.

ಬೇರೆ ಬೇರೆ ಪ್ರೋಟೀನುಗಳ ಭಾಗಗಳನ್ನು ಒಂದರಲ್ಲಿ ಕೂಡಿಸಿದ ಈ ಗ್ರಾಹಕಕ್ಕೆ ಗ್ರೀಕರ ಪುರಾಣದ ಕಿಮೇರಾ ಎಂಬ ಮಿಶ್ರಪ್ರಾಣಿಯ ಹೆಸರನ್ನು ಕೊಟ್ಟಿರುವರು. ನಮ್ಮವರು ಹೆಸರಿಟ್ಟಿದ್ದರೆ ನರಸಿಂಹನನ್ನು ನೆನೆಯುತ್ತಿದ್ದರೋ ಏನೋ! ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಈ ಚಿಕಿತ್ಸೆಯನ್ನು ಕಾರ್-ಟಿ ಎನ್ನುವರು. ಇಸ್ರೇಲಿನ ವೈಜ್ಮನ್ ಸಂಸ್ಥೆಯ ಜೆಲಿಗ್ ಎಶ್ಹಾರರು ಮತ್ತು ಅವರ ಸಂಗಡಿಗರು ೧೯೮೯ರಲ್ಲಿ ಇಂತಹ ಗ್ರಾಹಕವನ್ನು ಪ್ರಕಟಿಸಿದರು. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಕಾರ್ಲ್ ಜೂನ್ ಮೊದಲಾದವರು ಅದನ್ನು ರೋಗಿಯ ಹಾಸಿಗೆಯವರೆಗೆ ತಂದರು. ೨೦೧೭ರಲ್ಲಿ ಕಿಮ್ರಿಯಾ ಎಂಬ ಹೆಸರಿನಿಂದ ಅಲ್ಲಿ ಅನುಮತಿ ಪಡೆದಾಗ ಅದರ ಬೆಲೆಯು ೪,೭೫,೦೦೦ ಡಾಲರುಗಳು. ನಮ್ಮ ದೇಶದಲ್ಲಿ ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆಯವರ ಪರಿಶ್ರಮದಿಂದ ಹುಟ್ಟಿದ ನೆಕ್ಸ್‌ಕಾರ್-೧೯ ಎಂಬುದಕ್ಕೆ ೨೦೨೩ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. ೨೦೨೫ರ ಜನವರಿಯಲ್ಲಿ ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯು, ಸ್ಪೇನಿನ ಬಾರ್ಸಿಲೋನಾ ನಗರದ ಆಸ್ಪತ್ರೆಯೊಂದರಲ್ಲಿ ರೂಪುಗೊಂಡ ಕಣಚಿಕಿತ್ಸೆಯನ್ನು ಕಾರ್ಟೆಮಿ ಎಂಬ ಹೆಸರಿನಲ್ಲಿ ಹೊರತಂದಿತು. ನಮ್ಮಲ್ಲಿಯ ಬೆಲೆಯು ಅಮೆರಿಕದ್ದಕ್ಕಿಂತ ಬಹಳ ಕಡಿಮೆಯೆಂಬುದು ನಿಜ. ಆದರೂ ನೆಕ್ಸ್‌ಕಾರ್-೧೯ಕ್ಕೆ ಪತ್ರಿಕೆಗಳು ಹೇಳಿದ ಬೆಲೆ ೪೦ ಲಕ್ಷ ರೂಪಾಯಿಗಳ ಆಸುಪಾಸು. ಮಗ್ಗವನ್ನು ನಂಬಿದ ಸಂಸಾರಕ್ಕೆ ಅದು ಮೂರು ತಲೆಮಾರಿನ ದುಡಿಮೆ.

ಇಷ್ಟು ಹೇಳುವುದರೊಳಗೆ ಬಸ್ಸು ಕುದಾಪುರದ ಬಯಲಿಗೆ ಬಂದಿತ್ತು. ಇದು ಹಿಂದಿನ ಅಮೃತಮಹಲ್ ಕಾವಲು. ಮೈಸೂರಿನ ಅರಸರ ಕಾಲದಿಂದ ಪ್ರಸಿದ್ಧವಾದ ಅಮೃತಮಹಲ್ ತಳಿಯ ದನಗಳು ಮೇಯುತ್ತಿದ್ದ ವಿಸ್ತಾರವಾದ ಹುಲ್ಲುಗಾವಲು. ಈಗ ಇದರಲ್ಲಿ ದೊಡ್ಡ ದೊಡ್ಡ ವಿಜ್ಞಾನಸಂಸ್ಥೆಗಳು ನೆಲಸಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಎರಡನೆಯ ಆವರಣವು ಇಲ್ಲಿ ೧,೫೦೦ ಎಕರೆಗಳಲ್ಲಿರುವುದು. ಶಾಲೆಗಳ ವಿಜ್ಞಾನೋಪಾಧ್ಯಾಯರಿಗೆ ಅಲ್ಲಿ ತರಬೇತಿಯನ್ನೂ ಕೊಡುವರು. ರಕ್ಷಣಾ ಇಲಾಖೆಯವರ ವಿಮಾನಪರೀಕ್ಷಾ ಕ್ಷೇತ್ರವೂ ಈ ಸೀಮೆಯಲ್ಲಿಯೇ ಇದ್ದು, ೨೦೨೩ರಲ್ಲಿಯೂ ೨೦೨೪ರಲ್ಲಿಯೂ ಇಸ್ರೋದವರ ರೆಕ್ಕೆಯ ನೌಕೆಯು ಅದರ ಮೇಲೆ ತಾನಾಗಿ ಬಂದಿಳಿಯಿತು. ಮೇವಿನ ನೆಲವು ಕೈತಪ್ಪಿತೆಂದು ಹಳ್ಳಿಗರು ದುಃಖಿಸಿ ನ್ಯಾಯಮಂಡಲಿಯವರೆಗೆ ಹೋದ ಸಂಗತಿಯನ್ನೂ ಮರೆಯಬಾರದು. ಎಲ್ಲರದ್ದಾಗಿದ್ದುದಕ್ಕೆ ಬೇಲಿ ಹಾಕುವಾಗ ಬೇಲಿ ಎಲ್ಲಿಯವರೆಗೆ ಎಂಬ ಪ್ರಶ್ನೆಯು ಏಳದೆ ಇರದು.

ಬೇಲಿಯಾಚೆ ನಾಲ್ಕಾರು ದನಗಳು ನಿಂತಿದ್ದುವು. ಉದ್ದವಾಗಿ ಹಿಂದಕ್ಕೆ ಬಾಗಿದ ಕೊಂಬು, ಬೂದುಬಣ್ಣದ ಮೈ. ಅವುಗಳನ್ನು ಕಂಡು ನನಗೆ ತರ್ಕಶಾಸ್ತ್ರದ ಪಾಠವು ಜ್ಞಾಪಕಕ್ಕೆ ಬಂದಿತು. ಒಂದು ವಸ್ತುವಿಗೆ ಲಕ್ಷಣವನ್ನು ಹೇಳುವಾಗ ಮೂರು ದೋಷಗಳನ್ನು ಬಿಡಬೇಕೆಂದು ನೈಯಾಯಿಕರು ವಿಧಿಸಿರುವರು. ಕೊಂಬಿರುವುದೇ ಹಸು ಎಂದರೆ ಎಮ್ಮೆ ಮೇಕೆಗಳೂ ಹಸುಗಳಾಗುವುವು, ಇದು ಅತಿವ್ಯಾಪ್ತಿ. ಕಪಿಲವರ್ಣದ್ದೇ ಹಸು ಎಂದರೆ ಈ ಬೂದುಬಣ್ಣದ ಹಸುಗಳು ಹೊರಗಾಗುವುವು, ಇದು ಅವ್ಯಾಪ್ತಿ. ಒಂದೇ ಗೊರಸಿನದು ಹಸು ಎಂದರೆ ಯಾವ ಹಸುವಿಗೂ ಸಲ್ಲದು, ಇದು ಅಸಂಭವ. ಇದನ್ನು ಹೇಳಿದಾಗ ಶಿಷ್ಯನು ಸಂತೋಷಪಟ್ಟು, “ಈ ಮೂರನ್ನು ಬಲ್ಲವನಿಗೆ ಪೇಟೆಂಟಿನ ಪರೀಕ್ಷೆಯು ಅರ್ಧ ತಿಳಿದಂತೆಯೇ” ಎಂದನು.

ಪೇಟೆಂಟಿನ ಅರ್ಜಿಯಲ್ಲಿ ಎರಡು ಮುಖ್ಯ ಭಾಗಗಳುಂಟಂತೆ. ಒಂದು ವಿವರಣೆ, ತಾನು ಮಾಡಿದುದನ್ನು, ಆ ವಿದ್ಯೆಯಲ್ಲಿ ಪಳಗಿದ ಮತ್ತೊಬ್ಬನು ಓದಿ ಮಾಡಲು ಶಕ್ತನಾಗುವಷ್ಟು ಪೂರ್ತಿಯಾಗಿ ಬರೆಯಬೇಕು. ಇನ್ನೊಂದು ಹಕ್ಕಿನ ವಾಕ್ಯಗಳು. ತನಗೆ ಏಕಸ್ವಾಮ್ಯವು ಎಲ್ಲಿಂದ ಎಲ್ಲಿಯವರೆಗೆ ಬೇಕೆಂಬುದನ್ನು ಅವುಗಳಲ್ಲಿ ಗುರುತಿಸಬೇಕು. ವಿವರಣೆಯು ಹೊಲವಾದರೆ ಹಕ್ಕಿನ ವಾಕ್ಯವು ಬೇಲಿ. ವಾಕ್ಯಗಳು ಸ್ಪಷ್ಟವಾಗಿಯೂ ಸಂಕ್ಷಿಪ್ತವಾಗಿಯೂ ಇದ್ದು, ವಿವರಿಸಿದ ವಿಷಯವನ್ನೇ ನ್ಯಾಯವಾಗಿ ಆಧರಿಸಿರಬೇಕೆಂದು ೧೯೭೦ರ ನಮ್ಮ ಪೇಟೆಂಟು ಕಾಯಿದೆಯ ೧೦ನೆಯ ಪ್ರಕರಣವು ಹೇಳುವುದು. ಪರೀಕ್ಷಕನು ಮೊದಲು ಹಿಂದಿನ ಗ್ರಂಥಗಳನ್ನೂ ಪತ್ರಿಕೆಗಳನ್ನೂ ಶೋಧಿಸಿ, ಇದು ನಿಜವಾಗಿ ಹೊಸದೇ, ಬಲ್ಲವನಿಗೆ ತಾನಾಗಿ ಹೊಳೆಯುವಂತಹುದಲ್ಲವೇ, ಕೈಗಾರಿಕೆಗೆ ಒದಗುವುದೇ ಎಂದು ನೋಡುವನು. ಅನಂತರ ಬೇಲಿಯನ್ನು ಅಳೆಯುವನು. ಬೇಲಿಯು ಹೊಲಕ್ಕಿಂತ ದೊಡ್ಡದಾಗಿದ್ದರೆ ಅತಿವ್ಯಾಪ್ತಿ. ತೀರ ಚಿಕ್ಕದಾದರೆ ಕಂಡುಹಿಡಿದವನಿಗೇ ನಷ್ಟ. ಬೇರೊಬ್ಬನು ಒಂದು ಎಳೆಯನ್ನು ಬದಲಾಯಿಸಿ ಮಿಕ್ಕುದನ್ನೆಲ್ಲ ಎತ್ತಿಕೊಂಡಾನು. ಬರೆದಂತೆ ಮಾಡಲು ಬಾರದಿದ್ದರೆ ಅದು ಅಸಂಭವವೇ ಸರಿ.

ನಾಯಕನಹಟ್ಟಿಯನ್ನು ಮುಟ್ಟಿದಾಗ ಬಿಸಿಲು ಏರಿತ್ತು. ತಿಪ್ಪೇರುದ್ರಸ್ವಾಮಿಗಳ ಈ ಕ್ಷೇತ್ರದಲ್ಲಿ ಫಾಲ್ಗುಣಮಾಸದ ರಥೋತ್ಸವಕ್ಕೆ ಲಕ್ಷಾಂತರ ಜನರು ನೆರೆಯುವರು. ನಾವು ಹೋದ ದಿನ ಮಠವು ಪ್ರಶಾಂತವಾಗಿತ್ತು. ಸ್ವಾಮಿಗಳು ಈ ಒಣನೆಲದಲ್ಲಿ ಕೆರೆಗಳನ್ನು ಕಟ್ಟಿಸಿದವರೆಂದು ಜನರು ಇಂದಿಗೂ ಕೃತಜ್ಞತೆಯಿಂದ ಸ್ಮರಿಸುವರು. ಮಾಡಿದಷ್ಟು ನೀಡು ಭಿಕ್ಷೆ ಎಂಬ ಅವರ ಮಾತು ಈ ಸೀಮೆಯ ಮಕ್ಕಳಿಗೂ ಬಾಯಿಪಾಠ. ದುಡಿದವನಿಗೆ ದುಡಿದಷ್ಟು ಸಲ್ಲಬೇಕು. ದುಡಿದುದಕ್ಕಿಂತ ಹೆಚ್ಚಿಗೆ ಕೈಚಾಚಬಾರದು. ನಾಲ್ಕೇ ಪದಗಳಿಗಿಂತ ಕಡಿಮೆಯಾದ ಮಾತಿನಲ್ಲಿ ಎರಡು ಕಡೆಯ ನ್ಯಾಯವೂ ಅಡಗಿರುವುದು.

ಮಠದ ನೆರಳಿನಲ್ಲಿ ಕುಳಿತು ಶಿಷ್ಯನು ಹೇಳಿದ ವ್ಯಾಜ್ಯವೊಂದು ಈ ಮಾತಿಗೆ ಭಾಷ್ಯದಂತಿತ್ತು. ಅಮೆರಿಕದಲ್ಲಿ ಜೂನೋ ಎಂಬ ಕಂಪೆನಿಯವರು ಕೈಟ್ ಎಂಬ ಕಂಪೆನಿಯ ಮೇಲೆ, ನಮ್ಮ ಕಾರ್-ಟಿ ಪೇಟೆಂಟನ್ನು ಉಲ್ಲಂಘಿಸಿದಿರಿ ಎಂದು ದಾವೆ ಹೂಡಿದರು. ಕೆಳಗಿನ ನ್ಯಾಯಾಲಯವು ಸುಮಾರು ೧೨೦ ಕೋಟಿ ಡಾಲರುಗಳ ಪರಿಹಾರವನ್ನು ವಿಧಿಸಿತು. ೨೦೨೧ರ ಆಗಸ್ಟಿನಲ್ಲಿ ಮೇಲಿನ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಕಾರಣವೇನೆಂದರೆ, ಶತ್ರುವನ್ನು ಹಿಡಿಯುವ ಹೊರತುದಿಗೆ ವಿವರಣೆಯಲ್ಲಿ ಕೊಟ್ಟಿದ್ದ ಉದಾಹರಣೆಗಳು ಎರಡೇ ಎರಡು. ಹಕ್ಕು ಕೇಳಿದುದಾದರೋ, ಯಾವ ಗುರುತನ್ನು ಹಿಡಿಯುವ ಹೊರತುದಿಯಾದರೂ ಆಗಲಿ, ಎಲ್ಲವೂ ನಮ್ಮದೇ ಎಂದು. ಎರಡನ್ನು ಮಾಡಿ ತೋರಿಸಿ ಲೆಕ್ಕವಿಲ್ಲದಷ್ಟಕ್ಕೆ ಬೇಲಿ ಹಾಕಬಾರದೆಂದು ತೀರ್ಪಾಯಿತು. ೨೦೨೨ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವೂ ಆ ತೀರ್ಪನ್ನು ಮುಟ್ಟಲಿಲ್ಲ. ನಾಯಕನಹಟ್ಟಿಯ ಹೆಸರನ್ನೇ ಕೇಳದ ನ್ಯಾಯಾಧೀಶರು ಅಲ್ಲಿಯ ಸ್ವಾಮಿಗಳ ಮಾತನ್ನೇ ಹೇಳಿದಂತಾಯಿತಲ್ಲವೇ? ಆ ಪೇಟೆಂಟಿನ ಬೇಲಿಯನ್ನು ಪರೀಕ್ಷೆಯ ಕಾಲದಲ್ಲಿಯೇ ಸರಿಯಾಗಿ ಅಳೆದಿದ್ದರೆ ಅಷ್ಟು ವರ್ಷಗಳ ವ್ಯಾಜ್ಯವೂ ತಪ್ಪುತ್ತಿತ್ತು.

ಸಾಯಂಕಾಲದ ವೇಳೆಗೆ ಮೊಳಕಾಲ್ಮೂರನ್ನು ಸೇರಿದೆವು. ಬಂಡೆಗಳ ಬೆಟ್ಟಗಳ ನಡುವೆ ಒತ್ತಾಗಿ ಕಟ್ಟಿದ ಊರು. ನೇಕಾರರ ಓಣಿಯಲ್ಲಿ ನಡೆದರೆ ಮನೆಮನೆಯಿಂದಲೂ ಮಗ್ಗದ ಸದ್ದು ಕೇಳಿಬರುವುದು. ಇಲ್ಲಿಯ ರೇಷ್ಮೆಸೀರೆಯನ್ನು ಕರ್ನಾಟಕದ ಕಾಂಚೀಪುರವೆಂದು ಹೊಗಳುವುದುಂಟು. ಒಡಲೊಂದು ಬಣ್ಣ, ಅಂಚೊಂದು ಬಣ್ಣ, ಸೆರಗಿನಲ್ಲಿ ಜರಿಯ ಹೂ, ಹಣ್ಣು, ಪ್ರಾಣಿಗಳು. ಶಿಷ್ಯನ ತಂದೆಯವರು ಎಪ್ಪತ್ತು ದಾಟಿದವರಾದರೂ ಮಗ್ಗದ ಮುಂದೆಯೇ ಕುಳಿತು ನಮ್ಮನ್ನು ಬರಮಾಡಿಕೊಂಡರು. ಹಾಸಿನ ಎಳೆಯೊಂದು ಕಡಿದಿತ್ತು; ಅದನ್ನು ಹುಡುಕಿ ಗಂಟುಹಾಕುವವರೆಗೆ ಮಾತಿಲ್ಲ.

ಮೊಳಕಾಲ್ಮೂರು ಸೀರೆಗೆ ೨೦೧೧ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯು ದೊರೆಯಿತು. ಅದನ್ನು ದಾಖಲು ಮಾಡುವ ಕಚೇರಿಯೂ ಚೆನ್ನೈಯ ಗಿಂಡಿಯಲ್ಲಿಯೇ ಇರುವುದು. ಈ ಮಗ್ಗಗಳ ಸೀರೆಯ ಹೆಸರನ್ನು ಕಾಯುವ ಕಾಗದವೂ, ಬೆಂಗಳೂರಿನ ಪ್ರಯೋಗಶಾಲೆಯವರು ಹೊಸ ಕಣಕ್ಕಾಗಿ ಬರೆಯುವ ಅರ್ಜಿಯೂ ಒಂದೇ ಬಡಾವಣೆಗೆ ಹೋಗಿ ಸೇರುವುವು. ಆದರೆ ಎರಡು ಹಕ್ಕುಗಳ ಸ್ವಭಾವವು ಬೇರೆ. ಪೇಟೆಂಟನ್ನು ಒಬ್ಬನೂ ಪಡೆಯಬಹುದು, ಮಾರಲೂ ಬಹುದು. ೨೦ ವರ್ಷ ಕಳೆದ ಮೇಲೆ ಅದು ಲೋಕದ ಸೊತ್ತು. ಭೌಗೋಳಿಕ ಸೂಚಕವು ಊರಿನದು, ೧೦ ವರ್ಷಗಳಿಗೊಮ್ಮೆ ನವೀಕರಿಸುತ್ತ ಎಷ್ಟು ಕಾಲವಾದರೂ ಉಳಿಸಿಕೊಳ್ಳಬಹುದು, ಅದನ್ನು ಮಾರುವಂತಿಲ್ಲ. ಹೊಸದನ್ನು ಮಾಡಿದವನಿಗೆ ಒಂದು ಬಗೆಯ ನ್ಯಾಯ, ಹಳೆಯದನ್ನು ಉಳಿಸಿದವರಿಗೆ ಇನ್ನೊಂದು ಬಗೆಯ ನ್ಯಾಯ.

ಊಟವಾದ ಮೇಲೆ ರೋಗಿಯ ತಾಯಿಯು ಬಂದು ಬಾಗಿಲ ಬಳಿ ಕುಳಿತರು. ಶಿಷ್ಯನು ಚಿಕಿತ್ಸೆಯ ಕ್ರಮವನ್ನೆಲ್ಲ ನಿಧಾನವಾಗಿ ವಿವರಿಸಿದನು. ಆಕೆಯು ಕೇಳಿದುದು ಒಂದೇ ಪ್ರಶ್ನೆ: “ಅಲ್ಲಪ್ಪಾ, ನನ್ನ ಮಗನ ರಕ್ತವನ್ನೇ ತೆಗೆದುಕೊಂಡು ಹೋಗಿ, ಅದರೊಳಗೆ ಒಂದೆಳೆ ಸೇರಿಸಿ, ಅವನಿಗೇ ತಿರುಗಿ ಕೊಡುತ್ತಾರಲ್ಲ, ಅದು ಯಾರದು? ಅವನದೋ, ಅವರದೋ?”

ಮನೆಯಲ್ಲಿದ್ದವರೆಲ್ಲರೂ ಶಿಷ್ಯನ ಮುಖವನ್ನು ನೋಡಿದರು. ಅವನು ಹೇಳಿದ ಉತ್ತರವು ಹೀಗಿತ್ತು: “ಚಿಕ್ಕಮ್ಮಾ, ಹುಟ್ಟಿನಿಂದ ಅವನ ರಕ್ತದಲ್ಲಿರುವ ಕಣ ಯಾರ ಪೇಟೆಂಟೂ ಆಗುವುದಿಲ್ಲ. ಪ್ರಕೃತಿಯಲ್ಲಿರುವುದನ್ನು ಕಂಡೆನೆಂದ ಮಾತ್ರಕ್ಕೆ ಅದು ತನ್ನದಾಗದು ಎಂದು ಕಾಯಿದೆಯ ೩ನೆಯ ಪ್ರಕರಣದಲ್ಲಿದೆ. ಪ್ರಾಣಿಯಾಗಲಿ, ಪ್ರಾಣಿಯ ಅಂಗಭಾಗವಾಗಲಿ ಪೇಟೆಂಟಿಗೆ ಒಳಪಡದು, ಸೂಕ್ಷ್ಮಜೀವಿ ಮಾತ್ರ ಅದಕ್ಕೆ ಹೊರತು ಎಂದೂ ಅಲ್ಲಿಯೇ ಇದೆ. ಮನುಷ್ಯನಿಗೆ ಚಿಕಿತ್ಸೆ ಮಾಡುವ ವಿಧಾನಕ್ಕೂ ಇಲ್ಲ. ಈ ಕಣವನ್ನು ರೋಗಿಗೆ ಹೀಗೆ ಕೊಟ್ಟು ಗುಣಪಡಿಸುವುದು ನನ್ನ ಹಕ್ಕು ಎಂದು ನಮ್ಮ ದೇಶದಲ್ಲಿ ಯಾರೂ ಕೇಳುವಂತಿಲ್ಲ. ಅವರು ಕೇಳಬಹುದಾದದ್ದು ತಾವು ಹೊಸದಾಗಿ ಹೆಣೆದ ಎಳೆಗೆ, ಅದನ್ನು ಒಯ್ಯುವ ವಾಹಕಕ್ಕೆ, ಪ್ರಯೋಗಶಾಲೆಯಲ್ಲಿ ಅದನ್ನು ಸೇರಿಸುವ ಹೊಸ ವಿಧಾನಕ್ಕೆ.”

“ಎಳೆ ಸೇರಿಸಿದ ಮೇಲೆ ಆ ಕಣ?” ಎಂದು ತಂದೆಯವರು ಮಗ್ಗದ ಕಡೆಯಿಂದ ಕೇಳಿದರು.

“ಅದೇ ಕಷ್ಟದ ಪ್ರಶ್ನೆ ಅಪ್ಪಾಜಿ. ಇದು ಪ್ರಕೃತಿಯಲ್ಲಿಲ್ಲ, ನಾವು ಮಾಡಿದ್ದು ಎನ್ನುತ್ತಾರೆ ಅರ್ಜಿದಾರರು. ಇದು ಮನುಷ್ಯನ ಕಣವೇ ಅಲ್ಲವೇ, ಅಂಗಭಾಗವಲ್ಲವೇ ಎಂದು ಪರೀಕ್ಷಕರು ಆಕ್ಷೇಪಿಸುತ್ತಾರೆ. ಒಂದೊಂದು ಅರ್ಜಿಯನ್ನೂ ಅದರದರ ವಿವರಣೆಯ ಮೇಲೆ ತೂಗಿ ನೋಡುತ್ತಾರೆ.”

ಈ ತೂಕದಲ್ಲಿ ಗೃಹಸ್ಥರಾದ ನಮಗೂ ಒಂದು ಪಾಲುಂಟೆಂಬುದನ್ನು ಆ ರಾತ್ರಿಯೇ ತಿಳಿದೆನು. ಅರ್ಜಿಯು ಪ್ರಕಟವಾದ ಮೇಲೆ, ಪೇಟೆಂಟು ಮಂಜೂರಾಗುವುದಕ್ಕೆ ಮೊದಲು, ಯಾವ ಮನುಷ್ಯನಾದರೂ ಕಾರಣಸಹಿತವಾಗಿ ಲಿಖಿತ ವಿರೋಧವನ್ನು ಸಲ್ಲಿಸಬಹುದೆಂದು ೨೫ನೆಯ ಪ್ರಕರಣವು ಹೇಳುವುದು. ೨೦೨೪ರ ನಿಯಮಗಳಿಂದ ಅದಕ್ಕೆ ಶುಲ್ಕವನ್ನೂ ಪ್ರಾಥಮಿಕ ಪರಿಶೀಲನೆಯನ್ನೂ ಸೇರಿಸಿರುವರು. ಬಾಗಿಲು ಮಾತ್ರ ಮುಚ್ಚಿಲ್ಲ. ಇದು ಬರಿಯ ಕಾಗದದ ಹಕ್ಕಲ್ಲ. ರಕ್ತದ ಮತ್ತೊಂದು ಬಗೆಯ ಅರ್ಬುದಕ್ಕೆ ಗ್ಲಿವೆಕ್ ಎಂಬ ಔಷಧವಿರುವುದು. ಅದರ ಒಂದು ರೂಪಕ್ಕೆ ನೋವಾರ್ಟಿಸ್ ಕಂಪೆನಿಯು ಪೇಟೆಂಟನ್ನು ಕೋರಿದಾಗ ವಿರೋಧಿಸಿದವರಲ್ಲಿ ಮುಂಬಯಿಯ ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್ ಎಂಬ ರೋಗಿಗಳ ನೆರವಿನ ಸಂಸ್ಥೆಯೂ ಒಂದು. ೨೦೦೬ರ ಜನವರಿಯಲ್ಲಿ ಚೆನ್ನೈ ಕಚೇರಿಯು ಆ ಅರ್ಜಿಯನ್ನು ತಿರಸ್ಕರಿಸಿತು. ಹಳೆಯ ವಸ್ತುವಿನ ಹೊಸ ರೂಪಕ್ಕೆ, ಗುಣದಲ್ಲಿ ಹೆಚ್ಚಳವನ್ನು ತೋರಿಸದೆ, ಹಕ್ಕಿಲ್ಲವೆಂದು ೨೦೧೩ರ ಏಪ್ರಿಲ್ ೧ರಂದು ನಮ್ಮ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ತಿಂಗಳಿಗೆ ಲಕ್ಷಕ್ಕೂ ಮಿಕ್ಕ ಬೆಲೆಯ ಔಷಧವು ಭಾರತೀಯ ತಯಾರಕರಿಂದ ಹತ್ತು ಸಾವಿರದೊಳಗೆ ದೊರೆಯುತ್ತ ಬಂದಿತು. ಪರೀಕ್ಷಕನ ಲೇಖನಿಯು ಎಷ್ಟು ಮನೆಗಳ ದೀಪವನ್ನು ಕಾಯಬಲ್ಲುದೆಂಬುದಕ್ಕೆ ಬೇರೆ ದೃಷ್ಟಾಂತ ಬೇಕೇ?

ಆದರೆ ಕಣಚಿಕಿತ್ಸೆಯು ಗುಳಿಗೆಯಂತಹುದಲ್ಲವೆಂದು ಶಿಷ್ಯನು ಎಚ್ಚರಿಸಿದನು. ಗುಳಿಗೆಯನ್ನು ಒಮ್ಮೆ ಮಾಡಲು ಕಲಿತವರು ಲಕ್ಷಗಟ್ಟಲೆ ಮಾಡಬಲ್ಲರು. ಇದನ್ನಾದರೋ ಒಬ್ಬೊಬ್ಬ ರೋಗಿಗೂ ಅವನವನ ರಕ್ತದಿಂದಲೇ ಬೇರೆ ಬೇರೆಯಾಗಿ ಮಾಡಬೇಕು. ಅಳತೆ ಕೊಟ್ಟು ಹೇಳಿ ನೇಯಿಸಿದ ಮದುವೆಯ ಸೀರೆಯ ಹಾಗೆ. ಧೂಳಿಲ್ಲದ ಕೋಣೆ, ಬೆಲೆಯುಳ್ಳ ವೈರಸ್ಸು, ನುರಿತ ಕೈ, ವಾರಗಟ್ಟಲೆ ಆಸ್ಪತ್ರೆಯ ಶುಶ್ರೂಷೆ, ಇವೆಲ್ಲವೂ ವೆಚ್ಚವೇ. ಆದ್ದರಿಂದ ಬೆಲೆಗೆಲ್ಲ ಪೇಟೆಂಟೇ ಕಾರಣವೆಂದು ಹೇಳಿದರೆ ಅದೂ ಅತಿವ್ಯಾಪ್ತಿಯಾದೀತು. ಔಷಧವು ಗುಣಕಾರಿಯೇ, ನಿರಪಾಯವೇ ಎಂದು ನೋಡುವವರೂ ಪೇಟೆಂಟಿನ ಪರೀಕ್ಷಕರಲ್ಲ; ಅದಕ್ಕೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯು ಬೇರೆ ಇರುವುದು. ಹೊಸ ಕಣಗಳು ಯುದ್ಧಕ್ಕೆ ಇಳಿದಾಗ ಉಗ್ರವಾದ ಜ್ವರ ಬರಬಹುದು, ರಕ್ತದೊತ್ತಡ ಕುಸಿಯಬಹುದು. ಗುಣವಾದವರೂ ಉಂಟು, ರೋಗವು ಮರಳಿದವರೂ ಉಂಟು. ಇದನ್ನೆಲ್ಲ ಅವನು ಆ ತಾಯಿಗೆ ಮರೆಮಾಚದೆ ಹೇಳಿದನು. ಯಾವ ಯಾವ ನಿಧಿಗಳಿಂದ ನೆರವು ಕೇಳಬಹುದೆಂಬುದನ್ನು ಬರೆದು ಕೊಟ್ಟನು. ಬೆಂಗಳೂರಿನ ವೈದ್ಯರ ಬಳಿಗೆ ಮುಂದಿನ ವಾರ ತಾನೇ ಜೊತೆಯಲ್ಲಿ ಬರುವೆನೆಂದನು. ಆಕೆಯು ಸೆರಗಿನಿಂದ ಕಣ್ಣೊರಸಿಕೊಂಡು, “ಅಷ್ಟು ತಿಳಿಯಿತಲ್ಲ, ಸಾಕಪ್ಪಾ” ಎಂದು ಎದ್ದರು. ಅವರಿಗೆ ದೊರೆತುದು ಭರವಸೆಯೆನ್ನಲಾರೆ. ಆದರೆ ಕತ್ತಲೆಯಲ್ಲಿ ಕೈಗೆ ಗೋಡೆ ಸಿಕ್ಕಿದಂತಾಯಿತು.

ಮರುದಿನ ಬೆಳಗ್ಗೆ ಬ್ರಹ್ಮಗಿರಿಗೆ ಹೋದೆವು. ಮೊಳಕಾಲ್ಮೂರಿನಿಂದ ಉತ್ತರಕ್ಕೆ, ಸಿದ್ದಾಪುರದ ಹತ್ತಿರ, ಬಂಡೆಗಳನ್ನು ರಾಶಿ ಹಾಕಿದಂತಿರುವ ಬೆಟ್ಟ. ಇದರ ಸುತ್ತಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಕಡೆಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ೧೮೯೨ರಲ್ಲಿ ಬಿ. ಎಲ್. ರೈಸ್ ಸಾಹೇಬರು ಪತ್ತೆ ಹಚ್ಚಿದರು. ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರರು ಇಲ್ಲಿ ನೆಲವನ್ನು ಅಗೆಸಿ, ಕಲ್ಲಿನ ಕೊಡಲಿಗಳ ಕಾಲದ ಜನವಸತಿಯನ್ನೂ ಬೃಹತ್ ಶಿಲಾಸಮಾಧಿಗಳನ್ನೂ ಬೆಳಕಿಗೆ ತಂದರು. ಇಸಿಲ ಎಂಬ ಪಟ್ಟಣದ ಮಹಾಮಾತ್ರರಿಗೆ ಕಳುಹಿಸಿದ ಆ ಶಾಸನದಲ್ಲಿ ತಂದೆತಾಯಿಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಉಪದೇಶಗಳುಂಟು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮೀರಿದ ಬಿಸಿಲನ್ನು ಉಂಡ ಬಂಡೆಯ ಮೇಲೆ ಅಕ್ಷರಗಳು ಇನ್ನೂ ಇರುವುವು.

ನನ್ನ ಗಮನವು ನೆಟ್ಟುದು ಅದರ ಕೊನೆಯ ಪಂಕ್ತಿಯ ಮೇಲೆ. ಚಕ್ರವರ್ತಿಯ ಮಾತೆಲ್ಲವೂ ಮುಗಿದ ಮೇಲೆ, ಚಪಡನೆಂಬ ಲಿಪಿಕಾರನು ಇದನ್ನು ತಾನು ಬರೆದೆನೆಂದು ಸೂಚಿಸಿರುವನು. ಶಾಸನವೆಲ್ಲವೂ ಬ್ರಾಹ್ಮೀಲಿಪಿಯಲ್ಲಿರಲು, ಲಿಪಿಕಾರನೆಂಬ ತನ್ನ ವೃತ್ತಿಯ ಪದವನ್ನು ಮಾತ್ರ ವಾಯವ್ಯದೇಶದ ಖರೋಷ್ಠಿಯಲ್ಲಿ ಬರೆದಿರುವನು. ಎಲ್ಲಿಂದಲೋ ಬಂದ ಆ ಕುಶಲಿಯು ಧರ್ಮವನ್ನು ತಾನು ಉಪದೇಶಿಸಿದೆನೆಂದು ಹೇಳಲಿಲ್ಲ, ಬಂಡೆಯು ತನ್ನದೆನ್ನಲಿಲ್ಲ. ಬರೆದದ್ದು ತಾನು ಎಂದನು, ಅಷ್ಟೆ. ಅದನ್ನು ಬಿಡಲೂ ಇಲ್ಲ. ಕೇಳಬೇಕಾದಷ್ಟನ್ನು ಕೇಳಿದುದರಿಂದಲೇ ಅವನ ಹೆಸರು ಇಷ್ಟು ಕಾಲ ಯಾರ ವಿರೋಧವೂ ಇಲ್ಲದೆ ನಿಂತಿದೆ.

ವಾಚಕರಲ್ಲಿ ಯಾರಾದರೂ ಆ ಕಡೆಗೆ ಹೋಗುವುದಾದರೆ, ಚಳ್ಳಕೆರೆಯವರೆಗೆ ರೈಲೂ ಉಂಟು, ಬಸ್ಸೂ ಉಂಟು; ಅಲ್ಲಿಂದ ನಾಯಕನಹಟ್ಟಿಯ ಮೇಲೆ ಮೊಳಕಾಲ್ಮೂರಿಗೆ ಹೋಗಬಹುದು. ಮಾಘಮಾಸವು ಹಿತ, ಚೈತ್ರ ಕಳೆದ ಮೇಲೆ ಬಂಡೆಗಳು ಕಾದು ಕೆಂಡವಾಗುವುವು. ಕುಡಿಯುವ ನೀರನ್ನು ಜೊತೆಯಲ್ಲಿ ಒಯ್ಯತಕ್ಕದ್ದು. ಸೀರೆಯನ್ನು ಕೊಳ್ಳುವುದಾದರೆ ಮಗ್ಗದ ಮನೆಯಲ್ಲಿಯೇ ಕೊಳ್ಳಿರಿ. ಬೆಳಕಿಗೆ ಹಿಡಿದು ನೋಡಿರಿ, ಅಂಚನ್ನು ಎಳೆದು ನೋಡಿರಿ. ನೇಯ್ದವರು ಬೇಸರಿಸುವುದಿಲ್ಲ. ನೋಡಿ ಸರಿಯೆನಿಸಿದ ಮೇಲೆ, ಅವರು ಮಾಡಿದಷ್ಟಕ್ಕೆ ಚೌಕಾಸಿಯಿಲ್ಲದೆ ಬೆಲೆಯನ್ನು ಕೊಡಿರಿ.